ಎರಡು ಅಂಗೈಗೆ ಸಿಗಬೇಕಾದ ಎದೆ

ಜ್ಯಾಕ್ ರಸೆಲ್ ಟೆರಿಯರ್ ನಾಯಿಗಳ ಪ್ರದರ್ಶನದಲ್ಲಿ ತೀರ್ಪುಗಾರರು ನಾಯಿಯ ಹಿಂದೆ ನಿಂತು, ಮುಂಗಾಲುಗಳ ಹಿಂಬದಿಯಲ್ಲಿ ಎರಡೂ ಕೈಯಿಂದ ಅದರ ಎದೆಯನ್ನು ಬಳಸಿ ಹಿಡಿಯುತ್ತಾರೆ. ಹೆಬ್ಬೆರಳುಗಳು ಬೆನ್ನಿನ ಮೇಲೆ, ಉಳಿದ ಬೆರಳುಗಳು ಎದೆಯ ಕೆಳಗೆ. ಕೆಳಗಡೆ ಬೆರಳ ತುದಿಗಳು ಒಂದಕ್ಕೊಂದು ತಾಗಬೇಕು. ಮೆಲ್ಲಗೆ ಒತ್ತಿದರೆ ಪಕ್ಕೆಲುಬು ಬಾಗಬೇಕು. ಎದೆಯ ಸುತ್ತಳತೆ 40ರಿಂದ 43 ಸೆಂಟಿಮೀಟರ್. ಅದಕ್ಕಿಂತ ದಪ್ಪವಾದರೆ ನರಿ ನುಗ್ಗಿದ ಬಿಲದೊಳಗೆ ಈ ನಾಯಿ ನುಗ್ಗಲಾರದು.

ಟೆರಿಯರ್ ಎಂಬ ಹೆಸರೇ ನೆಲ ಎಂಬರ್ಥದ ಲ್ಯಾಟಿನ್ ಪದ ‘ಟೆರ್ರಾ’ದಿಂದ ಬಂದದ್ದು. ನಮ್ಮ ಮುಧೋಳ ನಾಯಿ ಬಯಲಿನಲ್ಲಿ ಬೇಟೆಯನ್ನು ಕಣ್ಣಲ್ಲೇ ಹಿಡಿದು ಅಟ್ಟಿಕೊಂಡು ಓಡುತ್ತದೆ. ಟೆರಿಯರ್‌ನ ಕೆಲಸ ಶುರುವಾಗುವುದು ಓಟ ಮುಗಿದು ಬೇಟೆ ಮಣ್ಣಿನೊಳಗೆ ಅಡಗಿದ ಮೇಲೆ.

ಈ ತಳಿಗೆ ಹೆಸರು ಕೊಟ್ಟವರು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ ‘ಜ್ಯಾಕ್’ ರಸೆಲ್. ಹುಟ್ಟಿದ್ದು 1795ರಲ್ಲಿ. 1819ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, ಹಾಲು ಮಾರುವವನೊಬ್ಬನ ಜೊತೆ ಬರುತ್ತಿದ್ದ ಹೆಣ್ಣು ನಾಯಿಯೊಂದು ಅವರ ಕಣ್ಣಿಗೆ ಬಿತ್ತು. ಮೈಯೆಲ್ಲ ಬಿಳಿ, ಕಣ್ಣು ಕಿವಿಗಳ ಮೇಲೆ ಕಂದು ಮಚ್ಚೆ, ಬಾಲದ ಬುಡದಲ್ಲಿ ನಾಣ್ಯದಷ್ಟಗಲದ ಇನ್ನೊಂದು ಬೊಟ್ಟು. ಅಲ್ಲೇ ವ್ಯಾಪಾರ ಕುದುರಿಸಿ ಕೊಂಡುಬಿಟ್ಟರು. ಅದರ ಹೆಸರು ಟ್ರಂಪ್. ಮುಂದೆ ಸ್ವಿಂಬ್ರಿಜ್ ಎಂಬ ಹಳ್ಳಿಯ ಚರ್ಚಿನಲ್ಲಿ 40ಕ್ಕೂ ಹೆಚ್ಚು ವರ್ಷ ಪಾದ್ರಿಯಾಗಿದ್ದ ರಸೆಲ್, ಟ್ರಂಪ್‌ನಿಂದ ಆರಂಭಿಸಿ ನರಿ ಬೇಟೆಗೆಂದೇ ಟೆರಿಯರ್‌ಗಳನ್ನು ಬೆಳೆಸಿದರು. ತೀರಿಕೊಂಡದ್ದು 1883ರಲ್ಲಿ.

ಅವರಿಗೆ ಬೇಕಿದ್ದದ್ದು ನರಿಯನ್ನು ಕೊಲ್ಲುವ ನಾಯಿಯಲ್ಲ. ಬಿಲದೊಳಗೆ ನುಗ್ಗಿ, ನರಿಯ ಎದುರು ನಿಂತು ಬೊಗಳಿ ಬೊಗಳಿ ಅದನ್ನು ಹೊರಗಟ್ಟಬೇಕು. ಹೊರಗೆ ಬೇಟೆ ಮುಂದುವರಿಯಬೇಕು. ನರಿ ಕದಲದಿದ್ದರೆ, ಆ ಬೊಗಳಿನ ಸದ್ದು ಹಿಡಿದು ಮೇಲಿನವರು ಎಲ್ಲಿ ಅಗೆಯಬೇಕೆಂದು ಗೊತ್ತುಮಾಡಿಕೊಳ್ಳುತ್ತಿದ್ದರು. ಬಿಳಿ ಮೈಗೂ ಕಾರಣವಿತ್ತು. ಮಣ್ಣು ಮೆತ್ತಿಕೊಂಡು ಹೊರಬಂದರೂ ಕೆಂಗಂದು ನರಿಯೆಂದು ಯಾರೂ ತಪ್ಪು ತಿಳಿಯಬಾರದು.

ಕತ್ತಲ ಬಿಲದೊಳಗೆ ಯಜಮಾನನ ಮಾತು ಕೇಳಿಸುವುದಿಲ್ಲ. ಮುಂದೆ ಹೋಗಬೇಕೋ ನಿಲ್ಲಬೇಕೋ ನಾಯಿಯೇ ತೀರ್ಮಾನಿಸಬೇಕು. ಮನೆಯಲ್ಲಿ ‘ಹಟಮಾರಿ, ಮಾತೇ ಕೇಳಲ್ಲ’ ಎಂದು ಬೈಸಿಕೊಳ್ಳುವ ಗುಣ ಇದೇ. ಹೂಕುಂಡ ಅಗೆಯುವುದು, ಇಲಿ ಓಡಿದ ಸದ್ದಿಗೆ ಕಿವಿ ನಿಮಿರಿಸುವುದು, ಬಿಡದೆ ಬೊಗಳುವುದು, ಇವು ಯಾವುವೂ ಕೆಟ್ಟ ಚಾಳಿಯಲ್ಲ. 200 ವರ್ಷ ಆರಿಸಿ ಆರಿಸಿ ಬೆಳೆಸಿದ ಕಸುಬು. ಇದನ್ನು ಅರಿಯದೆ, ಪುಟ್ಟದಾಗಿದೆ, ಮುದ್ದಾಗಿದೆ ಎಂದು ಮರಿ ತಂದು ಬಾಲ್ಕನಿಯಲ್ಲಿ ಕಟ್ಟುವುದು ಆ ಜೀವಕ್ಕೆ ಮಾಡುವ ಅನ್ಯಾಯ.

ಗ್ರಾಮಫೋನ್ ಕಾಲ ಕಂಡ ಕನ್ನಡದ ಮನೆಗಳಿಗೆ ಟೆರಿಯರ್ ಹೊಸದಲ್ಲ. ಎಚ್‌ಎಂವಿ ತಟ್ಟೆಯ ನಡುವೆ ತಲೆ ಓರೆ ಮಾಡಿ ಕೊಳವೆಗೆ ಕಿವಿಗೊಟ್ಟು ಕೂತ ನಾಯಿ ನಿಪ್ಪರ್, ಬ್ರಿಸ್ಟಲ್ ನಗರದ ಮಿಶ್ರತಳಿ ಟೆರಿಯರ್. ಬಂದವರ ಕಾಲಿಗೆ ಬಾಯಿ ಹಾಕುತ್ತಿದ್ದುದರಿಂದ ಆ ಹೆಸರು. ಅದು ಸತ್ತದ್ದು 1895ರಲ್ಲಿ. ಚಿತ್ರಕಾರ ಫ್ರಾನ್ಸಿಸ್ ಬರೋ ಆಮೇಲೆ ನೆನಪಿನಿಂದ ಅದನ್ನು ಬರೆದರು. ಮೊದಲು ಬರೆದದ್ದು ಫೋನೋಗ್ರಾಫಿನ ಮುಂದೆ ಕೂತಂತೆ. ಗ್ರಾಮಫೋನ್ ಕಂಪನಿ 1899ರಲ್ಲಿ ಚಿತ್ರ ಕೊಂಡಾಗ ಯಂತ್ರವನ್ನು ಅಳಿಸಿ ಹಿತ್ತಾಳೆ ಕೊಳವೆಯ ಗ್ರಾಮಫೋನ್ ಬರೆಯಬೇಕಾಯಿತು. ನಾಯಿ ಮಾತ್ರ ಕೂತಲ್ಲೇ ಉಳಿಯಿತು. ಜ್ಯಾಕ್ ರಸೆಲ್ ತಳಿಯದೇ ಆದ ಬೋಥಿ ಎಂಬ ನಾಯಿ 1979–82ರ ಟ್ರಾನ್ಸ್‌ಗ್ಲೋಬ್ ಯಾತ್ರೆಯಲ್ಲಿ ದಕ್ಷಿಣ ಧ್ರುವವನ್ನೂ ಉತ್ತರ ಧ್ರುವವನ್ನೂ ಕಂಡು ಬಂತು.

ಸಾಕುವವರು ಗಮನಿಸಬೇಕಾದ್ದು ಗಾತ್ರವನ್ನಲ್ಲ, ಚುರುಕನ್ನು. ಎತ್ತರ 25ರಿಂದ 30 ಸೆಂಟಿಮೀಟರ್, ತೂಕ ಐದಾರು ಕಿಲೋ; ಆದರೂ ದಿನಕ್ಕೆ ಒಂದು ಗಂಟೆಯಾದರೂ ನಡಿಗೆ, ಓಟ, ಆಟ ಬೇಕು. ನಮ್ಮ ಬೇಸಿಗೆಯಲ್ಲಿ ಅದು ಬೆಳಿಗ್ಗೆ ಬಿಸಿಲೇರುವ ಮುಂಚೆ, ಸಂಜೆ ಟಾರು ತಣಿದ ಮೇಲೆ. ಅಂಗಳದ ಒಂದು ಮೂಲೆಯಲ್ಲಿ ಮರಳು ಸುರಿದು ಅಗೆಯಲು ಬಿಟ್ಟರೆ ಗಿಡಗಳು ಉಳಿಯುತ್ತವೆ. ಕೂದಲು ನುಣುಪಾಗಿದ್ದರೂ ಒರಟಾಗಿದ್ದರೂ ವಾರಕ್ಕೊಮ್ಮೆ ಬಾಚಿ, ಕಿವಿಯೊಳಗೆ ಮತ್ತು ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಬೇಕು. ಉಣ್ಣೆಯಿಂದ ಬರುವ ಜ್ವರ ಪ್ರಾಣಕ್ಕೇ ಕುತ್ತು. ರೇಬೀಸ್ ಲಸಿಕೆ ತಪ್ಪಿಸುವಂತಿಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬಾಯಿಗೆ ಸಿಗಬಾರದು.

ಈ ತಳಿಯಲ್ಲಿ ಮಂಡಿಚಿಪ್ಪು ಜಾರುವುದುಂಟು, ಕೆಲವು ಮರಿಗಳು ಹುಟ್ಟುಗಿವುಡು. ಕಣ್ಣಿನ ಮಸೂರ ಜಾಗ ತಪ್ಪುವ ವಂಶವಾಹಿ ಕಾಯಿಲೆಯೂ ಇದೆ. ಕಣ್ಣು ದಿಢೀರನೆ ಕೆಂಪಾಗಿ ನಾಯಿ ಬೆಳಕಿಗೆ ಮುಖ ತಿರುಗಿಸಿದರೆ ಅಂದೇ ಪಶುವೈದ್ಯರಲ್ಲಿಗೆ ಓಡಬೇಕು. ಒಟ್ಟಾರೆ ಗಟ್ಟಿ ಜೀವ. 2022ರಲ್ಲಿ ಬ್ರಿಟನ್‌ನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 18 ತಳಿಗಳ ಆಯುಸ್ಸನ್ನು ಹೋಲಿಸಿದಾಗ ಮೊದಲ ಸ್ಥಾನದಲ್ಲಿದ್ದದ್ದು ಜ್ಯಾಕ್ ರಸೆಲ್: ಸರಾಸರಿ 12.72 ವರ್ಷ.

ಬೇಟೆಯಿಲ್ಲದೆ ಈ ನಾಯಿಗಳಿಗೆ ಅವುಗಳ ಕೆಲಸ ಕೊಡುವ ದಾರಿಯೊಂದನ್ನು ಅಮೆರಿಕದಲ್ಲಿ ಕಂಡುಕೊಂಡಿದ್ದಾರೆ. ನೆಲದಡಿ ಒಂಬತ್ತಂಗುಲ ಅಗಲದ, ತಿರುವುಗಳುಳ್ಳ, 30 ಅಡಿಯ ಸುರಂಗ. ತುದಿಯಲ್ಲಿ ಭದ್ರವಾದ ಪಂಜರದಲ್ಲಿ ಇಲಿಗಳು. ನಾಯಿ ಒಳಗೆ ಮಾಯವಾಗುತ್ತದೆ. ಮೇಲಿನವರು ಉಸಿರು ಬಿಗಿಹಿಡಿದು ನೆಲಕ್ಕೆ ಕಿವಿಗೊಟ್ಟು ನಿಲ್ಲುತ್ತಾರೆ. ಕಾಲಡಿಯಿಂದ ಮೊದಲ ಬೊಗಳು ಕೇಳಿದೊಡನೆ ತೀರ್ಪುಗಾರರ ಕೈಯಲ್ಲಿನ ಗಡಿಯಾರ ನಾಯಿಯ ಕೆಲಸದ ಹೊತ್ತನ್ನು ಎಣಿಸತೊಡಗುತ್ತದೆ.