ಸುಮ್ಮನೆ ಕೂತಾಗ ದುಡಿಯುವ ಮಿದುಳು

1990ರ ದಶಕ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ರೈಕಲ್ ಅವರ ತಂಡ ಪೆಟ್ ಸ್ಕ್ಯಾನರ್ ಬಳಸಿ ಮಿದುಳಿನ ರಕ್ತಸಂಚಾರ ಅಳೆಯುತ್ತಿತ್ತು. ಸ್ಕ್ಯಾನರಿನೊಳಗೆ ಮಲಗಿದವರು ಒಮ್ಮೆ ಸುಮ್ಮನಿರಬೇಕು, ಇನ್ನೊಮ್ಮೆ ಪದ ಓದುವಂಥ ಕೆಲಸ ಮಾಡಬೇಕು. ಎರಡನೆಯ ಚಿತ್ರದಿಂದ ಮೊದಲನೆಯದನ್ನು ಕಳೆದರೆ, ಆ ಕೆಲಸಕ್ಕೆ ಮಿದುಳಿನ ಯಾವ ಭಾಗ ದುಡಿಯಿತೆಂದು ಗೊತ್ತಾಗುತ್ತದೆ. ಸುಮ್ಮನಿರುವ ಸ್ಥಿತಿ ಬರೀ ಹೋಲಿಕೆಗೆ ಬೇಕಿತ್ತು, ಅಷ್ಟೇ.

ಆದರೆ ಕಳೆದು ನೋಡಿದಾಗ ಕೆಲವು ಭಾಗಗಳ ಲೆಕ್ಕ ಸೊನ್ನೆಗಿಂತ ಕೆಳಗಿಳಿಯಿತು! ಕೆಲಸ ಶುರುವಾದೊಡನೆ ಅಲ್ಲಿ ಚಟುವಟಿಕೆ ತಗ್ಗುತ್ತಿತ್ತು, ಕೆಲಸ ಬಿಟ್ಟಾಗ ಏರುತ್ತಿತ್ತು. ಮಿದುಳಿನ ಹಿಂಬದಿಯ ನಡುಭಾಗವಂತೂ ಪ್ರತಿ ಪ್ರಯೋಗದಲ್ಲೂ ಎಂಬಂತೆ ಹೀಗೇ ಕಾಣಿಸಿತು. ಅದೇನೆಂದು ತಿಳಿಯದ ರೈಕಲ್, ಆ 'ನಿಗೂಢ ಜಾಗ'ಕ್ಕೆಂದೇ ಒಂದು ಕಡತ ತೆರೆದರು. 1997ರಲ್ಲಿ ಗಾರ್ಡನ್ ಶುಲ್ಮನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬೇರೆ ಬೇರೆ ಕೆಲಸ, ತಗ್ಗುವ ಜಾಗಗಳು ಮಾತ್ರ ಅವೇ. 2001ರಲ್ಲಿ ರೈಕಲ್ ತಂಡ ಮಿದುಳಿನ ಈ ಸುಮ್ಮನಿರುವ ಸ್ಥಿತಿಗೆ 'ಡಿಫಾಲ್ಟ್ ಮೋಡ್' ಎಂದು ಹೆಸರಿಟ್ಟಿತು.

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2ರಷ್ಟು, ಶಕ್ತಿಯ ಬಳಕೆಯಲ್ಲಿ ಸುಮಾರು ಶೇ. 20. ಏಕಾಗ್ರತೆಯ ಕೆಲಸ ಮಾಡಿದರೂ ಆ ಖರ್ಚು ಹೆಚ್ಚುವುದು ಶೇ. 5ಕ್ಕಿಂತ ಕಡಿಮೆ. ಅಂದರೆ ಮಿದುಳಿಗೆ ಬಿಡುವೆಂಬುದೇ ಇಲ್ಲ. ನಾವು ಸುಮ್ಮನಿದ್ದಾಗ ಆ ಜಾಗಗಳೆಲ್ಲ ಸೇರಿದ ಜಾಲ ಹಳೆಯ ನೆನಪು ಕೆದಕುತ್ತದೆ, ನಾಳೆಯನ್ನು ಊಹಿಸುತ್ತದೆ, ಇನ್ನೊಬ್ಬರ ಮನಸ್ಸಿನಲ್ಲೇನಿದೆ ಎಂದು ಯೋಚಿಸುತ್ತದೆ.

ಹೊಸ ಆಲೋಚನೆಗೂ ಇದಕ್ಕೂ ನಂಟಿದೆಯೇ? 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಚ್ಚರವಿರುವಾಗಲೇ ಮಿದುಳಿನ ಶಸ್ತ್ರಚಿಕಿತ್ಸೆಗೊಳಗಾದ ರೋಗಿಗಳಿಗೆ ದಿನಬಳಕೆಯ ವಸ್ತುಗಳನ್ನು ಹೆಸರಿಸಿ, ಅವುಗಳಿಂದ ಇನ್ನೇನೇನು ಮಾಡಬಹುದೆಂದು ಕೇಳಿದರು. ಈ ಜಾಲದ ಭಾಗಗಳಿಗೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿ ಅಡ್ಡಿಪಡಿಸಿದಾಗ ಅವರಿಗೆ ಹೊಳೆಯುವ ಉಪಾಯಗಳ ಸಂಖ್ಯೆ ಕಡಿಮೆಯಾಯಿತು. ಈ ಜಾಲವೊಂದೇ ಎಲ್ಲವನ್ನೂ ಮಾಡುವುದಿಲ್ಲ, ನಿಜ. ಹೊಳೆದದ್ದನ್ನು ತೂಗಿ ನೋಡಲು ಏಕಾಗ್ರತೆಯ ಜಾಲವೂ ಬೇಕು. ಆದರೆ ಹೊಳೆಯಬೇಕಾದರೆ ಮನಸ್ಸಿಗೆ ಅಲೆದಾಡಲು ಅವಕಾಶವಿರಬೇಕು.

ಹೊರಗಿನದರ ಮೇಲೆ ಗಮನ ನೆಟ್ಟಾಗ ಈ ಜಾಲ ತಗ್ಗುತ್ತದೆ. ಬಸ್ಸಿಗೆ ಕಾಯುವ ಹತ್ತು ನಿಮಿಷವನ್ನೂ ಮೊಬೈಲಿಗೆ ಕೊಟ್ಟರೆ ಅದಕ್ಕೆ ಸಮಯ ಉಳಿಯುವುದೆಲ್ಲಿ? ಮೊಬೈಲನ್ನು ಜೇಬಿನಲ್ಲೇ ಬಿಡಿ. ಕಿಟಕಿಯಾಚೆ ನೋಡುತ್ತ ಕೂತ ಮಗುವಿಗೆ ಬೇಜಾರಾದೀತೆಂದು ಟ್ಯಾಬ್ ಕೊಡಬೇಡಿ. ಅದು ಸುಮ್ಮನೆ ಕೂತಿಲ್ಲ, ಯೋಚಿಸುತ್ತಿದೆ.