ಬೆಂದರೂ ಮೆತ್ತಗಾಗದ ಕೋಳಿ

ಕೋಳಿಮಾಂಸದ ಗಡಸುತನಕ್ಕೆ ಅಡುಗೆಮನೆಯಲ್ಲಿ ಹೆಸರು ಒಂದೇ ಆದರೂ ಅದರ ಮೂಲಗಳು ಹಲವು. ಹಕ್ಕಿಯ ವಯಸ್ಸು, ಒಲೆಯ ಕಾವು, ಕೊಯ್ದ ನಂತರ ಕಳೆದ ಗಂಟೆಗಳು, ತಳಿಯ ಬೆಳವಣಿಗೆಯ ವೇಗ ಇವುಗಳಲ್ಲಿ ಯಾವುದರಿಂದಲಾದರೂ ಅದು ಹುಟ್ಟಬಹುದು. ಒಂದಕ್ಕೆ ಮದ್ದಾದದ್ದು ಮತ್ತೊಂದನ್ನು ಉಲ್ಬಣಿಸುವುದರಿಂದ, ಕುಕ್ಕರನ್ನು ಇನ್ನೆರಡು ಸಲ ಕೂಗಿಸಿದ ಮಾತ್ರಕ್ಕೆ ಎಲ್ಲ ಮಾಂಸವೂ ಮೆತ್ತಗಾಗುವುದಿಲ್ಲ.

ವಯಸ್ಸಿನ ಸಂಗತಿ ಎಲ್ಲರಿಗೂ ಪರಿಚಿತವಾದದ್ದು. ಸ್ನಾಯುವಿನ ನಾರುಗಳನ್ನು ಕಟ್ಟಿ ಹಿಡಿದಿರುವ ಕೊಲಾಜೆನ್ ಎಂಬ ಪ್ರೋಟೀನು ಹಕ್ಕಿ ಬಲಿತಂತೆಲ್ಲ ತನ್ನ ಎಳೆಗಳ ನಡುವೆ ಅಡ್ಡಬೆಸುಗೆಗಳನ್ನು ಹಾಕಿಕೊಂಡು ಗಟ್ಟಿಯಾಗುತ್ತದೆ. ಒಂದು ವರ್ಷಕ್ಕೂ ಮೀರಿ ಮೊಟ್ಟೆಯಿಟ್ಟು ಕೊನೆಗೆ ಮಾಂಸದಂಗಡಿ ಸೇರುವ ಲೇಯರ್ ಕೋಳಿಯಲ್ಲೂ, ಕೆದಕಿ ಮೇದು ತಿಂಗಳುಗಟ್ಟಲೆ ಬೆಳೆದ ನಾಟಿ ಕೋಳಿಯಲ್ಲೂ ಈ ಬೆಸುಗೆ ಬಲವಾಗಿರುತ್ತದೆ. ತೇವದಲ್ಲಿ ನಿಧಾನವಾಗಿ ಬೆಂದಾಗ ಕೊಲಾಜೆನ್ ಕರಗಿ ಜೆಲಟಿನ್ ಎಂಬ ಅಂಟಾಗುವುದರಿಂದಲೇ ಮುದ್ದೆಯ ಜೊತೆಗಿನ ನಾಟಿ ಕೋಳಿ ಸಾರಿಗೆ ತುಟಿಗೆ ಅಂಟುವ ಆ ಸಾಂದ್ರತೆ ಬರುತ್ತದೆ. ಐದಾರು ವಾರಗಳಲ್ಲಿ ಕತ್ತಿಗೆ ಬರುವ ಫಾರಂ ಕೋಳಿಯ ಎದೆಮಾಂಸವನ್ನು ಇದೇ ಕ್ರಮದಲ್ಲಿ ಬೇಯಿಸಿದರೆ ಫಲ ವಿಪರೀತವಾಗುತ್ತದೆ; ಅಲ್ಲಿ ಕರಗಬೇಕಾದ ಕೊಲಾಜೆನ್ ಅತ್ಯಲ್ಪವಾಗಿದ್ದು, ಕಾವು ಸುಮಾರು 65 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಸ್ನಾಯುವಿನ ಪ್ರೋಟೀನುಗಳು ಕುಗ್ಗಿ ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ಸುರಕ್ಷತೆಗೆ 74 ಡಿಗ್ರಿಯ ಒಳಕಾವು ಸಾಕಾಗಿರುವಾಗ ಅದರಾಚೆಗಿನ ಪ್ರತಿ ನಿಮಿಷವೂ ಎದೆಮಾಂಸವನ್ನು ಒಣಗಿಸುತ್ತದೆ.

ಅಷ್ಟಾಗಿ ಗಮನಕ್ಕೆ ಬಾರದ ಕಾರಣವೊಂದು ತಾಜಾತನದಲ್ಲೇ ಅಡಗಿದೆ. ಕಣ್ಣೆದುರಿಗೇ ಕೊಯ್ಯಿಸಿ, ಮೈಯ ಬಿಸಿ ಆರುವ ಮೊದಲೇ ತುಂಡು ಮಾಡಿಸಿ ತಂದ ಮಾಂಸವೇ ಉತ್ತಮವೆಂಬ ನಂಬಿಕೆ ಕರ್ನಾಟಕದ ಊರೂರಿನಲ್ಲೂ ಇದೆ. ಹಳಸಿದ ಮಾಲು ಬಾರದೆಂಬ ಭರವಸೆಯ ಮಟ್ಟಿಗೆ ಆ ನಂಬಿಕೆಗೆ ನೆಲೆಯಿದ್ದರೂ ಮೃದುತ್ವದ ಮಟ್ಟಿಗೆ ಇಲ್ಲ. ಜೀವಂತ ಸ್ನಾಯುವಿನಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳು ಒಂದನ್ನೊಂದು ಹಿಡಿದು ಬಿಡುತ್ತಿರುತ್ತವೆ, ಮತ್ತು ಹಿಡಿದದ್ದನ್ನು ಬಿಡಲು ಅವಕ್ಕೆ ಎಟಿಪಿ ಎಂಬ ಶಕ್ತಿವಾಹಕ ಅಣು ಬೇಕು. ಪ್ರಾಣ ಹೋದ ಮೇಲೆ ಎಟಿಪಿ ಬತ್ತುತ್ತ ಬಂದು ಎಳೆಗಳು ಹಿಡಿದಲ್ಲೇ ಬಿಗಿದುಕೊಳ್ಳುತ್ತವೆ. ಮರಣೋತ್ತರ ಸೆಡೆತವೆಂದರೆ ಇದೇ. ಈ ಸೆಡೆತದ ನಡುವೆಯೇ ಒಲೆಗೇರಿದ ಮಾಂಸ ಆ ಬಿಗಿತವನ್ನು ಉಳಿಸಿಕೊಂಡೇ ಬೇಯುತ್ತದೆ. ಕಾಯ್ದರೆ ಸ್ನಾಯುವಿನಲ್ಲೇ ಇರುವ ಕ್ಯಾಲ್ಪೈನ್ ಎಂಬ ಕಿಣ್ವಗಳು, ಅಂದರೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು, ನಾರಿನ ಒಳಕಟ್ಟನ್ನು ಅಲ್ಲಲ್ಲಿ ಕಡಿದು ಸಡಿಲಿಸುತ್ತವೆ. ದನದ ಮಾಂಸದಲ್ಲಿ ದಿನಗಟ್ಟಲೆ ಹಿಡಿಯುವ ಈ ಕೆಲಸ ಕೋಳಿಯಲ್ಲಿ ಗಂಟೆಗಳಲ್ಲೇ ಮುಗಿಯುವುದರಿಂದ, ಎಚ್ಚರವಹಿಸುವ ಸಂಸ್ಕರಣಾ ಘಟಕಗಳು ಎದೆಮಾಂಸವನ್ನು ಮೂಳೆಯ ಮೇಲೆಯೇ ನಾಲ್ಕರಿಂದ ಆರು ಗಂಟೆ ತಣ್ಣಗಿಟ್ಟು ಆಮೇಲೆ ಬಿಡಿಸುತ್ತವೆ. ಅವಸರದಲ್ಲಿ ಬೋನ್‌ಲೆಸ್ ಮಾಡಿದರೆ, ಎಳೆದು ಹಿಡಿಯುತ್ತಿದ್ದ ಮೂಳೆಯ ಆಸರೆ ತಪ್ಪಿ ಸ್ನಾಯು ಮತ್ತಷ್ಟು ಮುದುಡಿಕೊಳ್ಳುತ್ತದೆ.

ಬಿಸಿ ಮಾಂಸವನ್ನು ನೇರವಾಗಿ ಫ್ರೀಜರಿಗೆ ತುಂಬುವುದು ಇದಕ್ಕಿಂತ ಕೆಟ್ಟದ್ದು. ಎಟಿಪಿ ತೀರುವ ಮೊದಲೇ ಹೆಪ್ಪುಗಟ್ಟಿದ ಮಾಂಸ ಕರಗುವಾಗ, ಕೋಶದ ಉಗ್ರಾಣದಿಂದ ಕ್ಯಾಲ್ಸಿಯಂ ಒಮ್ಮೆಲೇ ಹೊರನುಗ್ಗಿ ಸ್ನಾಯುವನ್ನು ಬಲವಾಗಿ ಕುಗ್ಗಿಸುತ್ತದೆ. ಬೆಳಿಗ್ಗೆ ತಂದದ್ದನ್ನು ಮುಚ್ಚಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಸಂಜೆಯವರೆಗೆ ಇಟ್ಟು, ಬಳಿಕ ಬೇಯಿಸುವುದೋ ಫ್ರೀಜರಿಗೆ ಹಾಕುವುದೋ ಮಾಡಿದರೆ ಈ ಎರಡೂ ತೊಂದರೆಗಳು ಬಹುಮಟ್ಟಿಗೆ ತಪ್ಪುತ್ತವೆ.

ಇವೆಲ್ಲಕ್ಕೂ ಉಪಾಯಗಳಿವೆ. ಉಪಾಯಕ್ಕೆ ನಿಲುಕದ ಗಡಸು ಬೇರೆಯೇ ಇದ್ದು, ಅದನ್ನು ವುಡಿ ಬ್ರೆಸ್ಟ್, ಅಂದರೆ ಮರಗಟ್ಟಿದ ಎದೆ ಎಂದು ಕರೆಯುತ್ತಾರೆ. ಇಂಥ ಹಸಿ ತುಂಡಿನ ದಪ್ಪ ತುದಿ ಬಿಳಿಚಿಕೊಂಡು ಉಬ್ಬಿರುತ್ತದೆ, ಮೇಲ್ಮೈಯಲ್ಲಿ ಕೆಲವೊಮ್ಮೆ ಲೋಳೆಯಂಥ ದ್ರವವೂ ಸಾಸಿವೆಗಿಂತ ಚಿಕ್ಕ ರಕ್ತದ ಚುಕ್ಕೆಗಳೂ ಕಾಣುತ್ತವೆ, ಹೆಬ್ಬೆರಳಿನಿಂದ ಒತ್ತಿದರೆ ತಗ್ಗುವುದಿಲ್ಲ. ಫಿನ್‌ಲೆಂಡಿನ ಸಂಶೋಧಕರು 2014ರಲ್ಲಿ ಇದನ್ನು ವಿವರಿಸಿದಾಗ ಸೂಕ್ಷ್ಮದರ್ಶಕದಡಿ ಕಂಡದ್ದು ಸತ್ತ ಸ್ನಾಯುನಾರುಗಳು, ಮತ್ತು ಅವುಗಳ ಜಾಗದಲ್ಲಿ ಗಾಯದ ಕಲೆಯಂತೆ ತುಂಬಿಕೊಂಡ ಕೊಲಾಜೆನ್. ಎದೆಯ ಸ್ನಾಯು ಉಬ್ಬುವ ವೇಗಕ್ಕೆ ರಕ್ತನಾಳಗಳ ಜಾಲ ಸರಿಸಾಟಿಯಾಗದೆ ನಾರುಗಳಿಗೆ ಆಮ್ಲಜನಕ ಸಾಲದಾಗುತ್ತದೆ ಎಂಬುದು ಇದಕ್ಕೆ ಕೊಡಲಾಗುವ ಮುಖ್ಯ ವಿವರಣೆ.

ಆ ವೇಗ ಎಂಥದ್ದೆಂಬುದನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಹೋಲಿಕೆ ತೋರಿಸಿತು. 1957ರಿಂದ ಆಯ್ಕೆಗೊಳಪಡಿಸದೆ ಉಳಿಸಿಕೊಂಡ ತಳಿಯನ್ನೂ 2005ರ ವಾಣಿಜ್ಯ ತಳಿಯನ್ನೂ ಒಂದೇ ಬಗೆಯ ಮೇವಿನಲ್ಲಿ ಸಾಕಿದಾಗ, 56ನೆಯ ದಿನಕ್ಕೆ ಮೊದಲನೆಯದು ಸುಮಾರು 900 ಗ್ರಾಂ, ಎರಡನೆಯದು ಸುಮಾರು 4,200 ಗ್ರಾಂ ತೂಗಿತು. ಹಿಂಡಿನಲ್ಲಿ ಮರಗಟ್ಟಿದ ಎದೆಯ ಕೋಳಿಯನ್ನು ಕೊಯ್ಯುವ ಮುನ್ನವೇ ಎದೆ ತಡವಿ ಗುರುತಿಸಬಹುದಾದ್ದರಿಂದ, ಈ ಗಡಸಿನ ಹೊಣೆಯನ್ನು ಅಡುಗೆ ಮಾಡಿದವರ ಮೇಲಾಗಲಿ ಅಂಗಡಿಯ ಕತ್ತಿಯ ಮೇಲಾಗಲಿ ಹೊರಿಸುವುದು ಅನ್ಯಾಯ. ಸಂಸ್ಕರಣಾ ಘಟಕಗಳು ಇಂಥ ತುಂಡುಗಳನ್ನು ಆರಿಸಿ, ನುಣ್ಣಗೆ ಕೊಚ್ಚಿ, ಸಾಸೇಜ್, ನಗೆಟ್‌ಗಳಿಗೆ ಬಳಸುತ್ತವೆ. ಮನೆಯಲ್ಲೂ ಅದಕ್ಕೆ ಉಳಿದಿರುವ ದಾರಿ ಕೈಮಾ ಮಾಡುವುದೊಂದೇ.