ಬೀಜದ ಚೀಟಿ ಮುದ್ರಿಸುವ ಯಂತ್ರದ ವೇಗವೂ ಮೆಮೊರಿಯೂ

ಬೀಜದ ಚೀಲದ ಚೀಟಿಯು ಅಲಂಕಾರಕ್ಕಾಗಿ ಇರತಕ್ಕುದಲ್ಲ. ಬಿತ್ತಿದ ಬೀಜವು ಮೊಳೆಯದೆ ಹೋದಲ್ಲಿ ರೈತನು ದೂರಿನೊಡನೆ ಹಾಜರುಪಡಿಸಬಹುದಾದ ಸಾಕ್ಷ್ಯವು ಅದರಲ್ಲಿರುವ ಲಾಟ್ ಸಂಖ್ಯೆ ಮತ್ತು ಪರೀಕ್ಷೆಯ ತಾರೀಖು. 1966ನೆಯ ಇಸವಿಯ ಬೀಜ ಶಾಸನವೂ ಅಧಿಸೂಚಿತ ತಳಿಗಳಿಗೆ ಗುರುತುಚೀಟಿಯನ್ನು ಕಡ್ಡಾಯಪಡಿಸಿದೆ.

ಈ ಚೀಟಿಗಳಿಗೆ ಬಳಸುವ ಶಾಖದ ಮುದ್ರಣಯಂತ್ರದಲ್ಲಿ, ಹೆಡ್ಡಿನ ಕಾದ ಬಿಂದುಗಳು ರಿಬ್ಬನ್ನಿನ ಮಸಿಯನ್ನು ಕರಗಿಸಿ ಚೀಟಿಗೆ ಹತ್ತಿಸುತ್ತವೆ. ಚೀಟಿಯು ವೇಗವಾಗಿ ಓಡಿದಷ್ಟೂ ಮಸಿ ಕರಗಲು ದೊರೆಯುವ ಕಾಲವು ಕಡಮೆ. ಬಿತ್ತನೆಗೆ ಮುಂಚಿನ ಅವಸರದಲ್ಲಿ ಸೆಕೆಂಡಿಗೆ 6 ಅಂಗುಲದಂತೆ ಓಡಿಸಿ, ಅಕ್ಷರ ಮಸುಕಾಯಿತೆಂದು ಶಾಖವನ್ನು ಏರಿಸುತ್ತ ಹೋಗುವುದು ಸರಿಯಲ್ಲ. ಹೆಡ್ಡು ಬೇಗನೆ ಕೆಡುವುದು. ಮೊದಲು ವೇಗವನ್ನು 3 ಅಂಗುಲಕ್ಕೆ ಇಳಿಸಿ, ಅನಂತರ ಬೇಕಾದಲ್ಲಿ ಶಾಖವನ್ನು ಒಂದೊಂದೇ ಅಂಕದಂತೆ ಹೆಚ್ಚಿಸತಕ್ಕದ್ದು. ಯಂತ್ರದಲ್ಲಿ ಬದಲಾಯಿಸಿದರೂ ಕಂಪ್ಯೂಟರಿನ ಆಜ್ಞೆಯೇ ಮೇಲಾಗುವುದುಂಟು. ಅಲ್ಲಿಯೂ ಅದನ್ನೇ ನಮೂದಿಸಬೇಕು.

ಇನ್ನು ಮೆಮೊರಿ. ಮಿಲಿಮೀಟರಿಗೆ 8 ಬಿಂದುಗಳ ಯಂತ್ರದಲ್ಲಿ 15 ಸೆಂಟಿಮೀಟರು ಉದ್ದ, 10 ಸೆಂಟಿಮೀಟರು ಅಗಲದ ಚೀಟಿಗೆ 9,60,000 ಬಿಂದುಗಳು, ಎಂದರೆ 1,20,000 ಬೈಟುಗಳು ಬೇಕು. ಪ್ರತಿ ಚೀಟಿಗೂ ಇಡೀ ಚಿತ್ರವನ್ನು ಕಳುಹಿಸಿದರೆ ಯಂತ್ರವು ನಡುನಡುವೆ ನಿಂತು ಕಾಯುವುದು. ವೇಗ ಹೆಚ್ಚಿಸಿಯೂ ಫಲವಿಲ್ಲ. ಹೆಸರು, ಮುದ್ರೆ, ಗೆರೆಗಳ ನಮೂನೆಯನ್ನು ಯಂತ್ರದ ಸ್ಥಿರ ಮೆಮೊರಿಯಲ್ಲಿ ಒಮ್ಮೆ ಇರಿಸಿ, ಲಾಟ್ ಸಂಖ್ಯೆ ಮೊದಲಾದ ಬದಲಾಗುವ ಅಂಶಗಳನ್ನು ಮಾತ್ರ ಕಳುಹಿಸುವುದು ಲೇಸು. ತಾತ್ಕಾಲಿಕ ಮೆಮೊರಿಯಲ್ಲಿಟ್ಟದ್ದು ವಿದ್ಯುತ್ತು ಹೋದೊಡನೆ ಅಳಿಯುವುದು. ನಮ್ಮ ಹಳ್ಳಿಗಳ ವಿದ್ಯುತ್ತನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ.

ಹೋದ ವರ್ಷದ ನಮೂನೆಗಳನ್ನು ಅಳಿಸಿಬಿಡಬೇಕು. ಜಾಗ ಉಳಿಯುವುದಕ್ಕಿಂತಲೂ, ಹಳೆಯ ತಾರೀಖಿನ ಚೀಟಿಯು ಹೊಸ ಚೀಲಕ್ಕೆ ಹತ್ತುವ ಅಪಾಯ ತಪ್ಪುವುದೇ ದೊಡ್ಡ ಲಾಭ. ಮೊದಲ ಚೀಟಿಯನ್ನು ಒದ್ದೆ ಬೆರಳಿನಿಂದ ಉಜ್ಜಿ ನೋಡಿ, ಅಕ್ಷರ ನಿಂತರೆ ಉಳಿದುವನ್ನು ಮುದ್ರಿಸಬಹುದು.